ಲೆಕ್ಕದಲ್ಲಿ ಇನ್ನೂ ಇದ್ದೇವೆ

ಬೆಂಗಳೂರಿನಲ್ಲಿದ್ದುಕೊಂಡು ಆರ್‌ಸಿಬಿ ಅಭಿಮಾನಿಯಾಗುವುದರಲ್ಲಿ ಏನು ಮಹಾ? ಸೋತರೆ ಊರಿಗೆ ಊರೇ ಮುಖ ಇಳಿಬಿಟ್ಟಿರುತ್ತದೆ, ಹಂಗಿಸಲು ಯಾರೂ ಉಳಿದಿರುವುದಿಲ್ಲ. ಹೊಸೂರಿನ ಕನ್ನಡಿಗನ ಪಾಡು ಬೇರೆ. ಬಲಗಡೆ ಮನೆ ತಮಿಳರದು, ಎಡಗಡೆ ಮನೆ ತೆಲುಗರದು. ನಮ್ಮ ತಂಡವೋ 2009ರ ಫೈನಲನ್ನು ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್‌ಗೆ, 2011ರದನ್ನು ಚೆನ್ನೈಗೆ, 2016ರದನ್ನು ಮತ್ತೆ ಹೈದರಾಬಾದಿಗೆ ಒಪ್ಪಿಸಿ ಬಂತು. ಹೊಸೂರಿನ ಬೀದಿ ನೋಡಿಕೊಂಡೇ ಎದುರಾಳಿಗಳನ್ನು ಆರಿಸಿದ ಹಾಗೆ!

ಆದರೂ ಏಪ್ರಿಲ್ ಕೊನೆಗೆ ಇವನಿಗೆ ಆಸೆ ಚಿಗುರುತ್ತದೆ. 2024ನ್ನೇ ನೋಡಿ. ಏಪ್ರಿಲ್ 15ರಂದು ಹೈದರಾಬಾದ್ ಚಿನ್ನಸ್ವಾಮಿಗೇ ಬಂದು 287 ಚಚ್ಚಿತು. ನಾವು 262 ಹೊಡೆದೂ ಸೋತೆವು. 21ಕ್ಕೆ ಕೋಲ್ಕತ್ತಾದಲ್ಲಿ ಒಂದೇ ಒಂದು ರನ್ನಿನಿಂದ ಸೋಲು. ಎಂಟು ಪಂದ್ಯ, ಒಂದು ಗೆಲುವು, ಪಟ್ಟಿಯಲ್ಲಿ ಕಟ್ಟಕಡೆಯ ಸ್ಥಾನ. ಮರುದಿನ ನಮ್ಮವನು ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಫಸ್ಟ್ ಶಿಫ್ಟ್ ಮುಗಿಸಿ, ಟೀ ಅಂಗಡಿಯಲ್ಲಿ ಸಿಗರೇಟ್ ಪ್ಯಾಕಿನ ಒಳಮೈ ಬಿಚ್ಚಿ ಲೆಕ್ಕಕ್ಕೆ ಕೂತ. ಉಳಿದದ್ದು ಆರು. ಆರೂ ಗೆದ್ದರೆ ಹನ್ನೆರಡು, ಹಳೆಯ ಎರಡು ಸೇರಿ ಹದಿನಾಲ್ಕು. ಹತ್ತನೇ ಕ್ಲಾಸಿನ ಗಣಿತಕ್ಕೆ ಮತ್ತೆ ಮತ್ತೆ ಕೂತವನು ನೆಟ್ ರನ್ ರೇಟನ್ನು ಮೂರನೇ ದಶಮಾಂಶದವರೆಗೆ ಬಾಯಲ್ಲೇ ಹೇಳುತ್ತಿದ್ದ.

“ಏನಣ್ಣಾ, ಈ ಸಲ ಕಪ್ ನಿಮ್ದೇನಾ?” ಅಂದ ಹಳದಿ ಜೆರ್ಸಿ ತೊಟ್ಟ ಪಕ್ಕದ ಮನೆ ಹುಡುಗ.

“ಲೆಕ್ಕದಲ್ಲಿ ಇನ್ನೂ ಇದೀವಪ್ಪಾ.”

ಕೃಷ್ಣಗಿರಿಯ ತೋಟಗಳಲ್ಲಿ ತೋತಾಪುರಿ ಮಾವಿಗೆ ‘ಬೆಂಗಳೂರಾ’ ಅನ್ನುತ್ತಾರೆ. ಏಪ್ರಿಲ್‌ನಲ್ಲಿ ಮರದ ತುಂಬ ತೂಗುತ್ತಿರುತ್ತದೆ. ಸೀಸನ್ ಮುಗಿಯುವ ಹೊತ್ತಿಗೆ ಲಾರಿ ಹತ್ತಿ ಪಲ್ಪ್ ಕಾರ್ಖಾನೆ ಸೇರಿರುತ್ತದೆ. ಇದರಿಂದಲಾದರೂ ಇವನಿಗೆ ಸುಳಿವು ಹತ್ತಬೇಕಿತ್ತು.

ಏಪ್ರಿಲ್ 28ಕ್ಕೆ ಚೆನ್ನೈ–ಹೈದರಾಬಾದ್ ಪಂದ್ಯ. ಎರಡೂ ಮನೆಗಳಲ್ಲಿ ಟಿವಿ ಜೋರು. ನಡುವಿನ ಮನೆಯವನು ಮಾತ್ರ ಇಬ್ಬರೂ ಸೋಲುವಂಥ ನಿಯಮವೇನಾದರೂ ಇದೆಯೇ ಎಂದು ಫೋನಿನಲ್ಲಿ ಹುಡುಕುತ್ತಿದ್ದ. ಚೆನ್ನೈ 78 ರನ್ನಿನಿಂದ ಗೆದ್ದಿತು. ಊರಿನ ಚಂದ್ರಚೂಡೇಶ್ವರನ ಬೆಟ್ಟ ಹತ್ತಿ ಕೈಮುಗಿದೂ ಆಯಿತು. ದೇವರ ಕಷ್ಟ ಯಾರಿಗೆ ಬೇಕು: ಅದೇ ಮೆಟ್ಟಿಲು ಹತ್ತಿ ಚೆನ್ನೈನವರೂ ಬರುತ್ತಾರೆ.

ಆದರೆ ಆ ವರ್ಷ ಲೆಕ್ಕ ನಿಜವಾಗಿಬಿಟ್ಟಿತು! ಸಾಲಾಗಿ ಆರು ಗೆಲುವು. ಆರನೆಯದು ಮೇ 18ರಂದು, ಚೆನ್ನೈ ಎದುರು. ಅವರು ಸೋತರೂ 201 ಮುಟ್ಟಿದ್ದರೆ ಪ್ಲೇಆಫ್ ಅವರದೇ. ಕೊನೆಯ ಓವರಿನ ಮೊದಲ ಎಸೆತವನ್ನು ಧೋನಿ ಸಿಕ್ಸರ್ ಎತ್ತಿದಾಗ ಬಲಗಡೆ ಮನೆಯಲ್ಲಿ ಪಟಾಕಿ. ಮುಂದಿನ ಎಸೆತಕ್ಕೆ ಧೋನಿ ಔಟ್, ಈಗ ಪಟಾಕಿ ನಡುವಿನ ಮನೆಯದು. ಚೆನ್ನೈ 191ಕ್ಕೆ ನಿಂತಿತು. ನಾಲ್ಕು ದಿನದ ಮೇಲೆ ರಾಜಸ್ಥಾನ ನಮ್ಮನ್ನು ಮನೆಗೆ ಕಳಿಸಿದ್ದು ಇವನ ನೆನಪಿನಲ್ಲೇ ಇಲ್ಲ.

ಕಡೆಗೂ 2025ರ ಜೂನ್ 3ರ ರಾತ್ರಿ ಕಪ್ ಬಂತು. (ಮರುದಿನ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಜೀವ ಹೋದವು. ಅಲ್ಲಿ ವ್ಯಂಗ್ಯಕ್ಕೆ ಕೆಲಸವಿಲ್ಲ. ನಾನು ಹೇಳುತ್ತಿರುವುದು ಹಿಂದಿನ ರಾತ್ರಿಯ ಮಾತು.) ಹದಿನೇಳು ಸೀಸನ್ನಿನ ಬಾಕಿ ತೀರಿಸಿಕೊಳ್ಳಲು ಬೀದಿಗೆ ಇಳಿದವನಿಗೆ ಆಗ ಹೊಳೆಯಿತು: ಸೋತದ್ದು ಚೆನ್ನೈಯೂ ಅಲ್ಲ, ಹೈದರಾಬಾದೂ ಅಲ್ಲ. ಪಂಜಾಬ್! ಅಕ್ಕಪಕ್ಕದ ಮನೆಗಳಲ್ಲಿ ದೀಪ ಆರಿಸಿ ಹಾಯಾಗಿ ಮಲಗಿದ್ದರು. ಬಿಡುವವನಲ್ಲ ಇವನು. ಬೈಕ್ ಹತ್ತಿ ಕೃಷ್ಣಗಿರಿ ಹೆದ್ದಾರಿಯ ಢಾಬಾಕ್ಕೆ ಹೋಗಿ ಗಲ್ಲಾದ ಮೇಲಿದ್ದ ಸರ್ದಾರ್ಜಿಯ ಮುಂದೆ ಕೆಂಪು ಬಾವುಟ ಬೀಸಿದ.

“ಮ್ಯಾಚಾ? ಯಾರು ಆಡಿದ್ದು?”

“ನಿಮ್ಮ ಪಂಜಾಬು, ಸರ್ದಾರ್ಜಿ!”

“ಅಚ್ಛಾ. ರೋಟಿ ಎಷ್ಟು ಹಾಕ್ಲಿ?”