ಪ್ರಾಚೀನ ಫಟಫಟಿಯ ಜೀರ್ಣೋದ್ಧಾರ: ಎಕಂಬಾ ಪಾಠದ ಒಂದು ಪರಿಷ್ಕರಣ

ಪೀಠಿಕೆ

ಬೀದರ್ ಜಿಲ್ಲೆಯ ಅವಶೇಷಗಳ ಕುರಿತ ಸಂಶೋಧನೆಯಲ್ಲಿ ಒಂದು ದೊಡ್ಡ ಲೋಪ ಉಳಿದಿದೆ. ಬಹಮನಿಗಳ ಕೋಟೆಯ ಬಗ್ಗೆ ಗ್ರಂಥಗಳಿವೆ. 1472ರಲ್ಲಿ ಮುಗಿದ ಮಹಮೂದ್ ಗಾವಾನನ ಮದರಸಾದ ಬಗ್ಗೆಯೂ ಇವೆ. ಆದರೆ ಔರಾದ ತಾಲ್ಲೂಕಿನ ಎಕಂಬಾದಂಥ ಗಡಿಯೂರಿನಲ್ಲಿ, ಬೇವಿನ ಮರದ ಕೆಳಗೆ ಸೈಡ್ ಸ್ಟ್ಯಾಂಡಿಗೆ ವಾಲಿ ನಿಂತ ಹಳೆಯ ಫಟಫಟಿಯತ್ತ ವಿದ್ವಾಂಸರ ಕಣ್ಣು ಹೋಗಿಲ್ಲ. ಮದರಸಾದ ಒಂದು ಪಾಲು ಕುಸಿದಿದೆ, ಫಟಫಟಿಯ ಒಂದು ಪಾಲೂ ಕುಸಿದಿದೆ. ಆದರೆ ಬೆಳಿಗ್ಗೆ ಎದ್ದು ಔರಾದಕ್ಕೆ ಹೋಗಬೇಕಾದ ಒತ್ತಡ ಮದರಸಾಕ್ಕಿಲ್ಲ.

ಈ ಲೋಪವನ್ನು ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಇದು ಪಾನಾ ಹಿಡಿದು ಅಭ್ಯಾಸವಿಲ್ಲದ, ಆದರೆ ಹಿಡಿದೇ ತೀರುವೆನೆಂದು ಹೊರಟ ವಿದ್ಯಾರ್ಥಿಗಾಗಿ ರಚಿತವಾಗಿದೆ.

ಕಾಲನಿರ್ಣಯ

ಮೊದಲು ಶಾಸನಾಧಾರ. ಹಿಂಬದಿಯ ಮಡ್‌ಗಾರ್ಡಿನಲ್ಲಿರುವ ತಗಡಿನ ಫಲಕವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ 'ಕೆಎ 38' ಎಂದು ಓದಬಹುದು. ಇದು ಬೀದರ್ ಪಾಠ. 39 ಎಂದಿದ್ದರೆ ಭಾಲ್ಕಿ, 56 ಎಂದಿದ್ದರೆ ಬಸವಕಲ್ಯಾಣ. ಗಡಿಯ ಊರಾದ್ದರಿಂದ ಲಾತೂರಿನ 'ಎಂಎಚ್ 24', ನಾಂದೇಡದ 'ಎಂಎಚ್ 26' ಪಾಠಗಳೂ ಇಲ್ಲಿ ವಿಪುಲ. ಉಳಿದ ಅಕ್ಷರಗಳು ಎರೆಮಣ್ಣಿನಿಂದ ತ್ರುಟಿತ.

ಎರಡನೆಯದು ಟ್ಯಾಂಕಿನ ಮೇಲಿನ ಬರಹ. ಹೀರೋ ಮತ್ತು ಹೋಂಡಾ ಎಂಬ ಎರಡು ಹೆಸರುಗಳು ಒಟ್ಟಿಗಿದ್ದರೆ ಗಾಡಿ ಸ್ಥೂಲವಾಗಿ 2011ಕ್ಕಿಂತ ಹಿಂದಿನದು, ಯಾಕೆಂದರೆ ಆ ಹೊತ್ತಿಗೆ ಎರಡೂ ಮನೆತನಗಳು ಬೇರೆಯಾದವು. ಸಿಡಿ 100 ಬಂದದ್ದು 1985ರಲ್ಲಿ, ಸ್ಪ್ಲೆಂಡರ್ 1994ರಲ್ಲಿ. ಎರಡರ ಎಂಜಿನ್ನೂ 97.2 ಸಿಸಿ. ಬೈಲಹೊಂಗಲದಿಂದ ಬೀದರ್‌ವರೆಗೆ ಹುಡುಗರ ನಿದ್ದೆ ಕೆಡಿಸಿದ ಯಮಹಾ ಆರ್‌ಎಕ್ಸ್ 100 ಎಂಬ ಟೂ ಸ್ಟ್ರೋಕ್ ಶಾಖೆ 1985ರಿಂದ 1996ರವರೆಗೆ ಪ್ರವರ್ಧಮಾನದಲ್ಲಿತ್ತು. ಮೈಸೂರಿನಲ್ಲಿ 1961ರಲ್ಲಿ ಶುರುವಾದ ಜಾವಾ–ಯೆಜ್ಡಿ ಕಾರ್ಖಾನೆಯೂ 1996ರಲ್ಲೇ ಬಾಗಿಲು ಹಾಕಿತು.

ಕಾಲನಿರ್ಣಯಕ್ಕಿರುವ ತೊಡಕು ಒಂದೇ: ಪ್ರಕ್ಷಿಪ್ತ ಭಾಗಗಳು. ಟ್ಯಾಂಕು ಒಂದು ಗಾಡಿಯದು, ಸೈಲೆನ್ಸರ್ ಇನ್ನೊಂದರದು, ಸೀಟಿನ ಕವರು ಯಾವ ಗಾಡಿಯದೂ ಅಲ್ಲ. ಮೂಲಪಾಠ ಯಾವುದೆಂದು ತೀರ್ಮಾನಿಸಲು ಚಾಸಿ ನಂಬರ್ ಒಂದೇ ಗತಿ.

ಪೂರ್ವಪಕ್ಷ

ಚಾಲೂ ಆಗದ ಗಾಡಿಯ ಬಗ್ಗೆ ಮೂರು ಪಂಥಗಳಿವೆ.

ಮೊದಲನೆಯವರು ಒದೆವಾದಿಗಳು. ಕಿಕ್ ಹೊಡೆಯುತ್ತಲೇ ಇದ್ದರೆ ಗಾಡಿ ಎಂದಾದರೂ ಮನಸ್ಸು ಬದಲಿಸುತ್ತದೆಂಬುದು ಇವರ ನಂಬಿಕೆ. ಚೋಕ್ ಎಳೆದೇ ಇಟ್ಟು ಒದ್ದರೆ ಪೆಟ್ರೋಲು ತುಂಬಿ ಪ್ಲಗ್ ಒದ್ದೆಯಾಗುತ್ತದೆ. ಒದ್ದೆ ಪ್ಲಗ್ಗಿನಲ್ಲಿ ಕಿಡಿ ಹಾರದು. ಹೀಗೆ ಈ ಪಂಥ ತನ್ನ ಸಮಸ್ಯೆಯನ್ನು ತಾನೇ ಉತ್ಪಾದಿಸಿಕೊಂಡು ಸ್ವಾವಲಂಬಿಯಾಗಿದೆ.

ಎರಡನೆಯವರು ಓರೆವಾದಿಗಳು. ಗಾಡಿಯನ್ನು ನೆಲಕ್ಕೆ ತಾಗುವಷ್ಟು ಒಂದು ಕಡೆ ವಾಲಿಸಿ ಮತ್ತೆ ಎತ್ತುವುದು ಇವರ ಕ್ರಿಯೆ. ನೋಡುವವರಿಗೆ ಇದು ಮಾಟದಂತೆ ಕಂಡರೂ ಶಾಸ್ತ್ರಸಮ್ಮತವೇ. ಟ್ಯಾಂಕು ಚಾಸಿಯ ಕೊಳವೆಯ ಮೇಲೆ ಕಾಲು ಅಗಲಿಸಿ ಕೂತಿರುವುದರಿಂದ, ಪೆಟ್ರೋಲ್ ಕಾಕ್ ಇಲ್ಲದ ಬದಿಯಲ್ಲಿ ಸ್ವಲ್ಪ ಪೆಟ್ರೋಲು ಸಿಕ್ಕಿಕೊಂಡಿರುತ್ತದೆ. ವಾಲಿಸಿದಾಗ ಅದು ಈಚೆ ದಾಟುತ್ತದೆ. ಪಂಪಿನ ತನಕ ಸಾಗಲು ಅಷ್ಟು ಸಾಕು.

ಮೂರನೆಯವರು ಕಚರಾವಾದಿಗಳು, ಇವರದೇ ಬಹುಮತ. ಯಾವ ರೋಗಕ್ಕೂ "ಕಾರ್ಬುರೇಟರ್‌ನಾಗ ಕಚರಾ ಬಂದದ" ಎಂಬ ಒಂದೇ ನಿದಾನ. ಹೊಸ ವಿದ್ಯಾರ್ಥಿ ಹೆಚ್ಚಾಗಿ ಈ ಪಂಥಕ್ಕೇ ದೀಕ್ಷೆ ಪಡೆಯುತ್ತಾನೆ. ಸಿಕ್ಕ ಪೇಚಕಸ್ಸಿನಿಂದ ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ, ಅದರ ತಲೆಯ ಗೀರು ಸವೆಸಿ, ಒಳಗಿನ ಹಿತ್ತಾಳೆಯ ಜೆಟ್ಟಿಗೆ ತಂತಿ ತುರುಕುತ್ತಾನೆ. ಜೆಟ್ಟಿನ ತೂತು ಅಳತೆಯ ತೂತು. ತಂತಿ ಅದನ್ನು ಕೂದಲೆಳೆಯಷ್ಟು ಹಿಗ್ಗಿಸಿದರೂ ಗಾಡಿ ಆಜೀವ ಹೆಚ್ಚು ಪೆಟ್ರೋಲು ಕುಡಿಯುತ್ತದೆ. ಜೆಟ್ಟನ್ನು ತೊಳೆಯಬೇಕು, ಊದಬೇಕು, ತಿವಿಯಬಾರದು.

ಸಿದ್ಧಾಂತ

ಮೂರೂ ಪಂಥಗಳನ್ನು ಖಂಡಿಸುವ ಸಿದ್ಧಾಂತ ಲಿಖಿತ ರೂಪದಲ್ಲಿ ದೊರೆತಿಲ್ಲ. ಮೌಖಿಕ ಪರಂಪರೆಯಲ್ಲಿ, ಮಿಸ್ತ್ರಿ–ಶಿಷ್ಯ ಸಂವಾದವಾಗಿ ಹೀಗೆ ಉಳಿದುಬಂದಿದೆ:

"ಕಾಕಾ, ಗಾಡಿ ಚಾಲೂನೇ ಆಗಲ್ದು. ಎಂಜಿನ್ ಬಿಚ್ಚಬೇಕಾಗ್ತದೇನ್ರಿ?"

"ಮೊದ್ಲ ಪೆಟ್ರೋಲ್ ಅದಾ ಇಲ್ಲಾ ನೋಡು ತಮ್ಮಾ."

ಈ ಒಂದು ವಾಕ್ಯದ ವ್ಯಾಖ್ಯಾನವೇ ಇಡೀ ಶಾಸ್ತ್ರ. ಎಂಜಿನ್ನಿಗೆ ಬೇಕಾದ್ದು ಪೆಟ್ರೋಲು, ಕಿಡಿ, ಗಾಳಿ. ಕಾಸು ಖರ್ಚಾಗದ ಕಡೆಯಿಂದ ಹುಡುಕಾಟ ಆರಂಭಿಸಬೇಕು. ಒಂದು ಸಲಕ್ಕೆ ಒಂದನ್ನೇ ಮುಟ್ಟಬೇಕು. ಮೂರನ್ನೂ ಒಟ್ಟಿಗೆ ಬಿಚ್ಚಿದವನ ಗಾಡಿ ಚಾಲೂ ಆದರೂ ಏಕೆ ಆಯಿತೆಂದು ಅವನಿಗೆ ತಿಳಿಯದು. ಮುಂದಿನ ಸಲ ಮತ್ತೆ ಮೂರನ್ನೂ ಬಿಚ್ಚುತ್ತಾನೆ.

ಪೆಟ್ರೋಲ್ ಪ್ರಕರಣ: ಟ್ಯಾಂಕಿನ ಮುಚ್ಚಳ ತೆಗೆದು ಇಣುಕಬೇಕು. ಬೀಡಿ ಹಚ್ಚಿಕೊಂಡು ಇಣುಕುವವರಿಗೆ ಈ ಪ್ರಬಂಧ ಅನ್ವಯಿಸದು. ಕಾಕ್ ಆಫ್‌ನಲ್ಲಿದೆಯೇ, ರಿಸರ್ವ್‌ಗೆ ಬಂದಿದೆಯೇ ನೋಡಬೇಕು. ಕಾರ್ಬುರೇಟರಿನ ಬುಡದಲ್ಲಿರುವ ಡ್ರೈನ್ ಸ್ಕ್ರೂ ಸಡಿಲಿಸಿದರೆ ತಳದಲ್ಲಿ ಕೂತ ನೀರೂ ಕಸವೂ ಇಳಿದುಹೋಗುತ್ತವೆ. ಕಚರಾವಾದಿಗಳ ಅರ್ಧ ದಿನದ ಕೆಲಸ ಹಲವು ಸಲ ಇಷ್ಟರಲ್ಲೇ ಮುಗಿಯುತ್ತದೆ.

ಕಿಡಿ ಪ್ರಕರಣ: ಸ್ಪ್ಲೆಂಡರಿನ ಪ್ಲಗ್ಗಿಗೆ 16 ಮಿ.ಮೀ. ಪ್ಲಗ್ ಪಾನಾ ಬೇಕು. ಬಿಚ್ಚಿದ ಪ್ಲಗ್ಗನ್ನು ಕ್ಯಾಪಿಗೇ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ, ಪೆಟ್ರೋಲಿನಿಂದ ದೂರವಿಟ್ಟು ಕಿಕ್ ಹೊಡೆದರೆ ನೀಲಿ ಕಿಡಿ ಕಾಣಬೇಕು. ತುದಿ ಕಂದು ಬಣ್ಣವಿದ್ದರೆ ಆರೋಗ್ಯ. ಒಣಗಿದ ಮಸಿಯಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಈ ಕಪ್ಪು ಸ್ಥಳೀಯ ಬಿದರಿ ಕಲೆಯ ಪ್ರಭಾವವೆಂಬ ವಾದ ನಿಲ್ಲದು. ಬಿದರಿಯ ಕಪ್ಪು ಕೋಟೆಯ ಮಣ್ಣು, ನವಸಾಗರಗಳಿಂದ ಶ್ರಮಪಟ್ಟು ತಂದದ್ದು, ಪ್ಲಗ್ಗಿನದು ಆಲಸ್ಯದಿಂದ ಬಂದದ್ದು. ಬ್ರಶ್ಶಿನಿಂದ ಉಜ್ಜಿ, ತುದಿಗಳ ನಡುವೆ 0.6ರಿಂದ 0.7 ಮಿ.ಮೀ. ಸಂದು ಬಿಟ್ಟು ಮತ್ತೆ ಕೂರಿಸಬೇಕು. ಕೂರಿಸುವಾಗ ಮೊದಲ ಸುತ್ತುಗಳು ಬರಿಗೈಯಲ್ಲೇ ಆಗಬೇಕು. ಎಂಜಿನ್ನಿನ ತಲೆ ಅಲ್ಯೂಮಿನಿಯಮ್ಮಿನದು, ಪ್ಲಗ್ಗಿನ ಮರೆ ಉಕ್ಕಿನದು. ಅಡ್ಡ ಹತ್ತಿದರೆ ಸೋಲುವುದು ತಲೆಯೇ.

ಗಾಳಿ ಪ್ರಕರಣ: ಔರಾದದ ಎರೆಮಣ್ಣು ಮಳೆಯಲ್ಲಿ ಮಡ್‌ಗಾರ್ಡ್ ಕಚ್ಚುತ್ತದೆ, ಬೇಸಿಗೆಯಲ್ಲಿ ಧೂಳಾಗಿ ಫಿಲ್ಟರ್ ಸೇರುತ್ತದೆ. ಫಿಲ್ಟರ್ ಸ್ಪಂಜಿನದಾದರೆ ಸೀಮೆಎಣ್ಣೆಯಲ್ಲಿ ತೊಳೆದು, ಹಿಂಡಿ, ಒಣಗಿಸಿ, ಸ್ವಲ್ಪ ಆಯಿಲ್ ಸವರಿ ಹಾಕಬೇಕು. ಕಾಗದದ್ದನ್ನು ತೊಳೆಯುವಂತಿಲ್ಲ.

ಸರಪಳಿ ಪ್ರಕರಣ

ಚಾಲೂ ಆದ ಗಾಡಿ ಕರಕರ ಎಂದರೆ ಚೈನು ಜೋತಿದೆ ಎಂದರ್ಥ. ಬೆರಳಿನಿಂದ ಮೇಲೆ ಕೆಳಗೆ ಆಡಿಸಿದಾಗ ಎರಡು ಮೂರು ಸೆಂ.ಮೀ. ಆಡಬೇಕು. ಪೂರಾ ಬಿಗಿಯುವುದೇ ಪಾಂಡಿತ್ಯವೆಂದು ತಿಳಿದವರು ಬೇರಿಂಗ್ ತಿನ್ನಿಸುತ್ತಾರೆ. ಜೋಡಣೆಯ ಲಾಕಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ, ಬಾಯಿ ಹಿಂದಕ್ಕೆ. ತಿರುವುಮುರುವಾದರೆ ಲಾಕು ಕಳಚಿ, ವಿದ್ಯಾರ್ಥಿ ಗಾಡಿ ತಳ್ಳುತ್ತ ಊರು ಸೇರುತ್ತಾನೆ.

ಪಕ್ಕಡಿನಿಂದ ನಟ್ಟು ಬಿಚ್ಚುವ ಪದ್ಧತಿ ವ್ಯಾಪಕವಾಗಿದ್ದರೂ ಅಶಾಸ್ತ್ರೀಯ. ಷಟ್ಕೋನ ನಟ್ಟು ಅದರಿಂದ ದುಂಡಾಗುತ್ತದೆ. ಸ್ಪ್ಲೆಂಡರಿನ ಆಯಿಲ್ ಬೋಲ್ಟಿಗೆ 17ರ ಪಾನಾ ಇರುವಾಗ ಈ ಹಿಂಸೆ ಅನಗತ್ಯ.

ಪರಿಶಿಷ್ಟ

ಹಾರನ್ ಕುರಿತ ಸಾಮಗ್ರಿ ವಿಪುಲವಾಗಿ ದೊರೆತಿರುವುದರಿಂದ ಅದನ್ನು ಪ್ರತ್ಯೇಕ ಸಂಪುಟವಾಗಿ ತರಲಾಗುವುದು. ಇಂಡಿಕೇಟರ್ ಕುರಿತು ಒಂದು ಅಧ್ಯಾಯವನ್ನು ಯೋಜಿಸಲಾಗಿತ್ತು. ನಾಲ್ಕೂ ದೀಪಗಳು ಸುಸ್ಥಿತಿಯಲ್ಲಿ ದೊರೆತರೂ, ತಿರುಗುವ ಮುನ್ನ ಅವುಗಳನ್ನು ಹಚ್ಚುತ್ತಿದ್ದರೆಂಬುದಕ್ಕೆ ಆಧಾರ ಸಿಗದ ಕಾರಣ ಆ ಅಧ್ಯಾಯವನ್ನು ಕೈಬಿಡಲಾಗಿದೆ.