ಔಪಚಾರಿಕ ಆವೇಶ ಮೀಮಾಂಸೆ

ಆವೇಶ ಎರಡು ಬಗೆ. ಮೈಮೇಲೆ ದೇವರು ಬಂದಾಗ ಆಗುವುದು ಒಂದು. ಮಂಗಳಾರತಿ ಎತ್ತಿ ನಿಂಬೆಹಣ್ಣು ಕೊಯ್ದರೆ ಇಳಿಯುತ್ತದೆ. ಇನ್ನೊಂದು ಪರಮಾಣುವಿನ ಮೇಲೆ ಬರುವುದು; ಪರೀಕ್ಷೆ ಮುಗಿಯುವವರೆಗೂ ಇಳಿಯದು. ಪಂಡಿತರು ಇದನ್ನು 'ಔಪಚಾರಿಕ ಆವೇಶ' ಎಂದರು. ಬಾಗಿಲು ಹಾಕುತ್ತಾ 'ಕಾಫಿ ಕುಡಿದು ಹೋಗಬಹುದಿತ್ತು' ಎನ್ನುತ್ತಾರಲ್ಲ, ಅದೇ ಉಪಚಾರ: ಮಾತಿನಲ್ಲಿ ಉಂಟು, ಲೋಟದಲ್ಲಿ ಇಲ್ಲ.

ಬಂಧವೆಂದರೆ ಇಬ್ಬರು ಹಂಚಿಕೊಂಡ ಎಲೆಕ್ಟ್ರಾನ್ ಜೋಡಿ ಎಂದು 1916ರಲ್ಲಿ ಅಮೆರಿಕದ ಗಿಲ್ಬರ್ಟ್ ಲೂಯಿಸ್ ಸಾರಿದರು. ಹಂಚಿಕೆ ಎಂದ ಮೇಲೆ ಪಾಲಿನ ವ್ಯಾಜ್ಯ ತಪ್ಪೀತೆ? ತೀರ್ಪಿನ ಸೂತ್ರ ಹೀಗಿದೆ: ಪರಮಾಣು ತವರಿಂದ ತಂದ ವೇಲೆನ್ಸಿ ಎಲೆಕ್ಟ್ರಾನುಗಳಲ್ಲಿ ಒಂಟಿ ಜೋಡಿಯವನ್ನು ಪೂರಾ, ಬಂಧದವನ್ನು ಅರ್ಧ ಕಳೆಯತಕ್ಕದ್ದು, ಉಳಿದದ್ದೇ ಆವೇಶ. (ಒಂಟಿಯಾಗಿದ್ದೂ ಜೋಡಿಯಾಗಿರುವುದು ಹೇಗೆಂಬುದು ಪ್ರತ್ಯೇಕ ಗ್ರಂಥದ ವಿಷಯ.) ಈ ಶಾಸ್ತ್ರದಲ್ಲಿ ಕಳೆದುಕೊಂಡವನಿಗೆ ಧನ, ಗಿಟ್ಟಿಸಿಕೊಂಡವನಿಗೆ ಋಣ. ಬ್ಯಾಂಕಿನವರು ಇತ್ತ ತಲೆಹಾಕದಿರುವುದು ಕ್ಷೇಮ.

ಉದಾಹರಣೆಗೆ ಕಾರ್ಬನ್ ಮೊನಾಕ್ಸೈಡ್. ಕಾರ್ಬನ್ ತಂದದ್ದು 4, ಆಕ್ಸಿಜನ್ 6. ನಡುವೆ ಮೂರು ಬಂಧ, ಇಬ್ಬರಿಗೂ ಒಂದೊಂದು ಒಂಟಿ ಜೋಡಿ. ಕಾರ್ಬನ್: 4−2−3, ಅಂದರೆ −1. ಆಕ್ಸಿಜನ್: 6−2−3, ಅಂದರೆ +1.

ಪೂರ್ವಪಕ್ಷ: ಎಲೆಕ್ಟ್ರಾನ್ ಕಂಡರೆ ಜೊಲ್ಲು ಸುರಿಸುವ ಆಕ್ಸಿಜನ್ನು ಕಳೆದುಕೊಂಡು ಕೂತೀತೆ? ಸಿದ್ಧಾಂತ: ಸೂತ್ರಕಾರ ಸಮಪಾಲು ಹಾಕುತ್ತಾನೆ, ಯಾರ ಹಿಡಿತ ಬಿಗಿ ಎಂದು ನೋಡುವುದಿಲ್ಲ. ಬಲಾಢ್ಯನಿಗೇ ಎಲ್ಲವನ್ನೂ ಬರೆದುಕೊಡುವ ಇನ್ನೊಂದು ಶಾಸ್ತ್ರ ಉತ್ಕರ್ಷಣ ಸಂಖ್ಯೆ. ಅಲ್ಲಿ ಇದೇ ಕಾರ್ಬನ್ +2, ಆಕ್ಸಿಜನ್ −2. ಒಂದೇ ಜಮೀನು, ಎರಡು ಪಹಣಿ. ಸರ್ವೆಗೆ ಹೋದವರಿಗೆ ಎರಡೂ ಸಿಗಲಿಲ್ಲ. ಪೂರಾ ಒಂದೊಂದು ಆವೇಶ ಎರಡು ತುದಿಗೂ ಕೂತಿದ್ದರೆ ಡೈಪೋಲ್ ಮೊಮೆಂಟ್ 5 ಡಿಬೈ ದಾಟಬೇಕಿತ್ತು. ಅಳೆದರೆ ಬಂದದ್ದು ಸುಮಾರು 0.1. ಆದರೂ ಆ ತೊಟ್ಟು ಋಣ ಇದ್ದದ್ದು ಕಾರ್ಬನ್ನಿನ ಕಡೆಗೇ! ಉಪಚಾರದ ಕಾಫಿ ಲೋಟದ ತಳದಲ್ಲಿ ಒಂದು ಹನಿ ಇತ್ತೆನ್ನಬೇಕು.

ಓಜೋನಿನ ಸಂಸಾರ ಇನ್ನೂ ಗೋಜಲು. ನಡುವಿನ ಆಕ್ಸಿಜನ್ನಿಗೆ +1, ಒಂದು ತುದಿಗೆ −1, ಮತ್ತೊಂದಕ್ಕೆ ಸೊನ್ನೆ. ಯಾವ ತುದಿಗೆ ಯಾವುದು? ಎರಡು ಬಂಧಗಳ ಉದ್ದವೂ ಒಂದೇ ಆದ್ದರಿಂದ ಋಣವನ್ನು ಅರ್ಧರ್ಧ ಹೊರಿಸಿ ರಾಜಿ ಮಾಡಿಸಲಾಗಿದೆ. ಏನೇ ಮಾಡಿದರೂ ಕೊನೆಗೆ ಮೊತ್ತ ಅಣುವಿನ ಆವೇಶಕ್ಕೆ ಸಮವಾಗಬೇಕು. ಓಜೋನಿಗೆ ಅದು ಸೊನ್ನೆ. ಪಿಯುಸಿಯಲ್ಲಿ ಪ್ರಕೃತ ಲೇಖಕನು ತುದಿಯ ಋಣವನ್ನು ಮರೆತು, ಮೊತ್ತ +1 ತಂದಿದ್ದ. ಮೌಲ್ಯಮಾಪಕರು ಆ ಸೊನ್ನೆಯನ್ನು ಅಂಚಿನಲ್ಲಿ, ಅಂಕದ ಜಾಗದಲ್ಲಿ, ತಾವೇ ತುಂಬಿಕೊಟ್ಟರು.