ದಿನಾಂಕರೂಪ ಮೀಮಾಂಸೆ: ಧಾರವಾಡ ಸೀಮೆಯ ಪಾಠ

ದತ್ತಾಂಶಕೋಶದ ಒಡಲಲ್ಲಿ ದಿನಾಂಕವು ನಿರಾಕಾರವಾಗಿದ್ದು, ಹಲವು ಸಂಪ್ರದಾಯಗಳಲ್ಲಿ ಯಾವುದೋ ಮೂಲದಿನದಿಂದ ಎಣಿಸಿದ ಬರಿಯ ಸಂಖ್ಯೆಯಾಗಿ ಮಲಗಿರುತ್ತದೆಂದೂ, ಕ್ವೆರಿ ಎಂಬ ಪ್ರಶ್ನವಾಕ್ಯವು ಬೇಡಿದಾಗ ಮಾತ್ರ ದಿನ, ತಿಂಗಳು, ವರ್ಷಗಳುಳ್ಳ ಸಗುಣರೂಪವನ್ನು ತಾಳುತ್ತದೆಂದೂ ಈ ಶಾಸ್ತ್ರದ ಮೊದಲ ಸೂತ್ರವು ಸಾರುತ್ತದೆ. ಈ ರೂಪಧಾರಣೆಗೆ ಫಾರ್ಮ್ಯಾಟಿಂಗ್ ಎಂದು ಹೆಸರು. ವರ್ಷ ಮೊದಲು, ದಿನ ಕೊನೆಗೆ ಎಂದು ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಸ್ಮೃತಿಯು ವಿಧಿಸಿದ್ದು 1988ರಲ್ಲಿ. ಅಣ್ಣಿಗೇರಿಯ ಅಮೃತೇಶ್ವರ ಗುಡಿ ಎದ್ದ ಚಾಲುಕ್ಯರ ಕಾಲದಲ್ಲಿಯೇ ಶಾಸನಕಾರರು ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಂದು ಹಿರಿದರಿಂದ ಕಿರಿದಕ್ಕೆ ಇಳಿಯುತ್ತಿದ್ದುದನ್ನು ನೋಡಿದರೆ, ಸ್ಮೃತಿಕಾರರು ಈ ಸೀಮೆಯ ಋಣವನ್ನು ಒಪ್ಪಿಕೊಳ್ಳದಿರುವುದು ವಿಷಾದನೀಯ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ, ಶಕವರ್ಷವನ್ನು ಬಿಟ್ಟ ಕಲ್ಲು ಅಜ್ಜನ ದಾನವನ್ನು ಹೇಳುತ್ತದೆಯೋ ಮೊಮ್ಮಗನದನ್ನೋ ತಿಳಿಯದು; ವರ್ಷಕ್ಕೆ ಎರಡೇ ಅಂಕಿ ಕೊಟ್ಟ ಲೋಕವು 2000ದ ಹೊಸ್ತಿಲಲ್ಲಿ ಬೆವರಿದ್ದು ಇದೇ ದೋಷದಿಂದ.

ದಿನ ಒಂದೇ ಆಗಿರುವಾಗ ರೂಪ ಯಾವುದಾದರೇನು ಎಂಬುದು ಪೂರ್ವಪಕ್ಷ. ರೂಪ ತಾಳಿದ ದಿನಾಂಕವು ಅಕ್ಷರಮಾಲೆಯಾಗಿಬಿಡುವುದರಿಂದ ಯಂತ್ರವು ಅದನ್ನು ಎಡದಿಂದ ಒಂದೊಂದೇ ಅಕ್ಷರ ಹಿಡಿದು ಹೋಲಿಸುತ್ತದೆ, ಆಗ 02-01-2024ರ ಅರ್ಜಿಯು 01-12-2024ರ ಅರ್ಜಿಯ ಬೆನ್ನಿಗೆ ನಿಲ್ಲುತ್ತದೆ, ಜನವರಿಯಲ್ಲಿ ಬಂದ ನವಲಗುಂದದ ಕಡಲೆ ಬೆಳೆಗಾರ ಡಿಸೆಂಬರಿನವನಿಗೆ ದಾರಿ ಬಿಡಬೇಕಾಗುತ್ತದೆ ಎಂಬುದು ಸಿದ್ಧಾಂತ. ಆದ್ದರಿಂದ ವಿಂಗಡಣೆ ನಿರಾಕಾರದಲ್ಲಿ, ಶೃಂಗಾರ ಕಟ್ಟಕಡೆಗೆ.

ಒರಾಕಲ್ ಮತ್ತು ಪೋಸ್ಟ್‌ಗ್ರೆಸ್ ಸಂಪ್ರದಾಯಗಳಲ್ಲಿ ‘ಎಂಎಂ’ ಎಂದರೆ ತಿಂಗಳು, ‘ಎಂಐ’ ಎಂದರೆ ನಿಮಿಷ. ಗಂಟೆಯ ಪಕ್ಕದಲ್ಲಿ ಎರಡನೆಯದನ್ನು ಬರೆಯಬೇಕಾದಲ್ಲಿ ಮೊದಲನೆಯದನ್ನು ಬರೆದ ಹಾಜರಿ ವರದಿಯು ಅಪೂರ್ವ ಸಮಾನತೆಯನ್ನು ಸಾಧಿಸುತ್ತದೆ: ಜೂನ್‌ನಲ್ಲಿ ಹತ್ತಕ್ಕೆ ಸರಿಯಾಗಿ ಬಂದವನೂ ಹತ್ತೂವರೆಗೆ ಬೆವರೊರೆಸುತ್ತ ಬಂದವನೂ 10:06ಕ್ಕೇ ಬಂದಿರುತ್ತಾರೆ, ಡಿಸೆಂಬರಿಗೆ ಅದು 10:12 ಆಗುವುದನ್ನು ಚಳಿಯ ಪರಿಣಾಮವೆಂದು ವ್ಯಾಖ್ಯಾನಿಸಲು ಪಂಡಿತರಿಗೆ ಅಡ್ಡಿಯಿಲ್ಲ.

ಈ ಸೀಮೆಯ ನಿಜವಾದ ಕೊಡುಗೆಯಾದರೋ ‘ಡೀಫಾಲ್ಟ್’ ತತ್ತ್ವ, ಎಂದರೆ ಮೌಲ್ಯ ತಿಳಿಯದಾಗ ತಾನಾಗಿ ಬಂದು ಕೂರುವ ಮೌಲ್ಯ. ಮಗನನ್ನು ಸಾಲಿಗೆ ಹಚ್ಚಲು ಬಂದ ತಾಯಿ ‘ಮಿರಗ ಕೂಡಿದ ಮರುದಿನ ಹುಟ್ಯಾನ್ರೀ’ ಎಂದಾಗ, ಮೃಗಶಿರಾ ಮಳೆ ಕೂಡುವುದು ಜೂನ್ 7 ಅಥವಾ 8ರ ಸುಮಾರಿಗೆ ಆದುದರಿಂದ ಅದು ವರ್ಷವೊಂದನ್ನು ಬಿಟ್ಟು ಸಾಕಷ್ಟು ನಿಖರವಾದ ಉತ್ತರವೇ. ಆದರೆ ಹೆಡ್ ಮಾಸ್ತರರ ರಿಜಿಸ್ಟರಿಗೆ ಆ ರೂಪ ಒಗ್ಗದೆ, ಶಾಲಾ ವರ್ಷ ತೊಡಗುವ ಜೂನ್ 1ನ್ನೇ ಜನ್ಮದಿನವಾಗಿ ಬರೆಯುವ ಪದ್ಧತಿ ಬೆಳೆಯಿತು. ರಿಜಿಸ್ಟರಿನಿಂದ ಗಣಕಕ್ಕೆ ಇಳಿದ ಈ ದಿನಾಂಕವನ್ನು ಯಾವ ರೂಪದಲ್ಲಿ ಕೇಳಿದರೂ ದೋಷ ಕಾಣದು, ಏಕೆಂದರೆ ಸುಳ್ಳಿನ ಫಾರ್ಮ್ಯಾಟು ಅಚ್ಚುಕಟ್ಟಾಗಿದೆ. ತಿಂಗಳ ಒಂದನೆಯ ತಾರೀಖಿಗೆ ಹುಟ್ಟಿದ ಸರಕಾರಿ ನೌಕರ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕೆಂಬ ನಿಯಮವನ್ನು ಇದರೊಡನೆ ಕೂಡಿಸಿ ಓದಿದಾಗ, ಮೇ 31ರ ಸಂಜೆ ಕುಂದಗೋಳ, ಕಲಘಟಗಿಗಳಲ್ಲಿ ಹೂವಿನ ಹಾರ ತುಟ್ಟಿಯಾದರೆ ಅದರ ಕಾರಣವನ್ನು ಅರ್ಥಶಾಸ್ತ್ರಜ್ಞರು ದತ್ತಾಂಶಪಂಡಿತರಿಂದಲೇ ಕೇಳಿ ತಿಳಿಯಬೇಕಾಗುತ್ತದೆ.